ಶಾಲೆಯ ತಾರಸಿ ಮೇಲೊಂದು ಬಾಣಲೆ

ಹೋದ ಕಾರ್ತೀಕದ ಒಂದು ಶನಿವಾರ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೊರಟಿದ್ದೆವು. ಬೆಂಗಳೂರಿನಿಂದ ಬಂದಿದ್ದ ಆರನೇ ಕ್ಲಾಸಿನ ಮೊಮ್ಮಗ ಜೊತೆಗಿದ್ದ. ಕೊಳ್ಳೇಗಾಲ ಬಿಟ್ಟು, ಕಾಮಗೆರೆ ದಾಟಿ ಹನೂರಿನ ಕಡೆ ಹೋಗುವಾಗ ಕಾರಿನ ಚಕ್ರ ಪಂಕ್ಚರ್ ಆಯಿತು. ಡ್ರೈವರು ಜಾಕ್ ಹುಡುಕುತ್ತಿದ್ದ. ಎದುರಿಗೇ ಒಂದು ಸರಕಾರಿ ಶಾಲೆ. ಮೊಮ್ಮಗ ತಲೆಯೆತ್ತಿ ನೋಡಿ, "ತಾತ, ಅಲ್ಲಿ ನೋಡಿ, ಸ್ಕೂಲ್ ಮೇಲೆ ಯಾರೋ ದೊಡ್ಡ ಬಾಣಲೆ ಒರಗಿಸಿಟ್ಟಿದ್ದಾರೆ!" ಎಂದ.

ನಿಜ, ಬಾಣಲೆಯಂತೆಯೇ ಇತ್ತು. ತುಕ್ಕು ಹಿಡಿದ ಡಿಶ್ಶು. ಅದರ ವೈರು ತುಂಡಾಗಿ ನೇತಾಡುತ್ತಿತ್ತು. ಒಂದು ಕಾಗೆ ಅದರ ಅಂಚಿನ ಮೇಲೆ ಕೂತಿತ್ತು.

ಬೆಳಗಿನ ಶಾಲೆ ಮುಗಿಯುವ ಹೊತ್ತು. ಕುಡಿಯಲು ನೀರು ಕೇಳುವ ನೆಪದಲ್ಲಿ ಒಳಗೆ ಹೋದೆವು. ಮೇಷ್ಟ್ರು ಚಿಕ್ಕ ವಯಸ್ಸಿನವರು. "ನಾನು ಈ ಶಾಲೆಗೆ ಬರುವ ಮೊದಲೇ ಅದು ಕೆಟ್ಟಿತ್ತು ಸಾರ್, ಇಳಿಸೋಕೆ ಯಾರೂ ಮುಂದೆ ಬರಲಿಲ್ಲ" ಎಂದರು. ಉತ್ತರ ಬಂದದ್ದು ಅಡುಗೆ ಮನೆಯಿಂದ. ಬಿಸಿಯೂಟದ ಪಾತ್ರೆ ತಿಕ್ಕುತ್ತಿದ್ದ ಹೆಣ್ಣುಮಗಳು ಕೈ ಒರೆಸಿಕೊಂಡು ಬಂದಳು. ಇದೇ ಶಾಲೆಯಲ್ಲಿ ಓದಿದವಳಂತೆ.

"ಅದು ಬಂದಾಗ ನಾನು ನಾಕನೇ ಕ್ಲಾಸು ಸಾರ್. ಊರೋರೆಲ್ಲ ನೋಡಕ್ಕೆ ಬಂದಿದ್ರು. ಟಿವಿ ಒಳಗ ಒಬ್ರು ಟೀಚರಮ್ಮ ಬರೋರು. 'ಮಕ್ಕಳೇ, ಇದೇನು ಹೇಳಿ ನೋಡೋಣ?' ಅಂತ ಕೇಳಿ ಸುಮ್ನೆ ನಿಂತ್ಕೊಳ್ಳೋರು. ನಾವೆಲ್ಲ ಗಂಟ್ಲು ಹರ್ಕೊಂಡು ಹೇಳ್ತಿದ್ದೊ. ತಪ್ಪು ಹೇಳುದ್ರೂ 'ಶಭಾಷ್' ಅನ್ನೋರು!"

ಅವಳು ನಕ್ಕಳು. ಮೊಮ್ಮಗನೂ ನಕ್ಕ. ಆಮೇಲೆ ಅವನೇ ಕೇಳಿದ: "ಹಾಗಾದ್ರೆ ತಪ್ಪು ಅಂತ ಯಾರು ಹೇಳ್ತಿದ್ರು?"

"ನಮ್ಮ ಮೇಷ್ಟ್ರು ಟಿವಿ ಪಕ್ಕದಲ್ಲೇ ಕುಂತಿರೋರು. ಆರಿಸ್ಬುಟ್ಟು ಮತ್ತೆ ಕೇಳೋರು."

ಆ ಬಾಣಲೆಯ ಕಥೆ ಸಣ್ಣದಲ್ಲ, ಮಕ್ಕಳೇ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ನಮ್ಮ ಇಸ್ರೋ ಸಂಸ್ಥೆ 'ಎಜುಸ್ಯಾಟ್' ಎಂಬ ಉಪಗ್ರಹವನ್ನು ಹಾರಿಸಿತು. ತೂಕ ಸುಮಾರು 1,950 ಕಿಲೋ. ಪಾಠ ಹೇಳುವುದಕ್ಕೆಂದೇ ನಮ್ಮ ದೇಶ ಮೇಲಕ್ಕೆ ಕಳಿಸಿದ ಮೊದಲ ಉಪಗ್ರಹ ಅದು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ಒಂದು ಸುತ್ತು ಸುತ್ತುವಷ್ಟರಲ್ಲಿ ತಾನೂ ಒಂದು ಸುತ್ತು ಬರುತ್ತಿತ್ತು. ಆದ್ದರಿಂದ ಇಲ್ಲಿಂದ ನೋಡಿದರೆ ಆಕಾಶದ ಒಂದೇ ಜಾಗದಲ್ಲಿ ನಿಂತಂತೆ. ಡಿಶ್ಶನ್ನು ಒಮ್ಮೆ ಆ ಕಡೆಗೆ ತಿರುಗಿಸಿ ಬಿಗಿದರೆ ಸಾಕು, ಮತ್ತೆ ತಿರುಗಿಸಬೇಕಾಗಿಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿ ಹೇಳಿದ ಕನ್ನಡ ಪಾಠ ಅಷ್ಟು ದೂರ ಏರಿ, ಅಷ್ಟೇ ದೂರ ಇಳಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಕಾಡಂಚಿನ ಶಾಲೆಗೆ ಬರುತ್ತಿತ್ತು. ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆಗಳಿಗೆ ಈ ಪಾಠ ಕೊಡಲು ಮೊದಲು ಆರಿಸಿಕೊಂಡದ್ದು ದೊಡ್ಡ ಊರುಗಳನ್ನಲ್ಲ, ನಮ್ಮ ಚಾಮರಾಜನಗರ ಜಿಲ್ಲೆಯನ್ನು. ಜಿಲ್ಲೆಯ 800ಕ್ಕೂ ಹೆಚ್ಚು ಶಾಲೆಗಳಿಗೆ ಡಿಶ್ಶು, ಟಿವಿ ಬಂದವು. ಹಿಂದುಳಿದ ಜಿಲ್ಲೆ ಅಂತ ಎಲ್ಲರೂ ಮೂಗು ಮುರಿಯುತ್ತಿದ್ದ ಕಾಲದಲ್ಲಿ ನಮಗೆ ಇದೊಂದು ಹೆಮ್ಮೆ.

ಆದರೆ ಆಕಾಶದ ಪಾಠಕ್ಕೂ ನೆಲದ ಕರೆಂಟು ಬೇಕಲ್ಲ! ಪಾಠ ಬರುವ ಹೊತ್ತಿಗೆ ಕರೆಂಟು ಹೋದರೆ ಆ ದಿನದ ಪಾಠ ಹೋಯಿತು. ಮೇಷ್ಟ್ರಾದರೆ "ನಾಳೆ ಹೇಳ್ತೀನಿ" ಅನ್ನುತ್ತಾರೆ, ಉಪಗ್ರಹ ಹಾಗೆ ಅನ್ನುವುದಿಲ್ಲ. ಪಾಠ ಮೇಲಿನಿಂದ ಕೆಳಕ್ಕೆ ಬರುತ್ತಿತ್ತೇ ಹೊರತು ಮಗುವಿನ ಮಾತು ಕೆಳಗಿನಿಂದ ಮೇಲಕ್ಕೆ ಹೋಗುತ್ತಿರಲಿಲ್ಲ. 2010ರಲ್ಲಿ ಎಜುಸ್ಯಾಟ್ ತನ್ನ ಆಯಸ್ಸು ಮುಗಿಸಿತು. ಬಾಣಲೆ ಉಳಿಯಿತು.

ನನ್ನಂಥ ಎಪ್ಪತ್ತು ದಾಟಿದವರಿಗೆ ಈ 'ಹೊಸದು ಬಂತು, ಹಳೆಯದು ಹೋಯಿತು' ಎಂಬುದು ಹೊಸ ಮಾತೇನಲ್ಲ. ನಮ್ಮ ತಾತಂದಿರು ಓದಿದ್ದು ಕೂಲಿಮಠದಲ್ಲಿ. ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ತಿದ್ದುವುದು. ತಪ್ಪಿದರೆ ಬೆರಳನ್ನು ಹಿಡಿದು ಮರಳಿನಲ್ಲಿ ಉಜ್ಜುತ್ತಿದ್ದರಂತೆ. ತುಂಟರಿಗೆ ಕೋದಂಡ, ಅಂದರೆ ಜಂತೆಗೆ ಕಟ್ಟಿದ ಹಗ್ಗ ಹಿಡಿದು ನೇತಾಡುವ ಶಿಕ್ಷೆ. ನಮ್ಮ ಕಾಲಕ್ಕೆ ಸ್ಲೇಟು, ಬಳಪ ಬಂದವು, ಕೋದಂಡ ಹೋಗಿ ಬೆತ್ತ ಬಂತು. ಶಾಲೆಯ ಕರಿಹಲಗೆಗೆ ತಿಂಗಳಿಗೊಮ್ಮೆ ಇದ್ದಿಲು ಅರೆದು ಸೊಪ್ಪಿನ ರಸದಲ್ಲಿ ಕಲಸಿ ಬಳಿಯುವುದು ನಮ್ಮದೇ ಕೆಲಸ. ಕೈಯೆಲ್ಲ ಕಪ್ಪು, ಮುಖವೆಲ್ಲ ಕಪ್ಪು, ಅವತ್ತು ಮಾತ್ರ ಬೆತ್ತಕ್ಕೆ ರಜೆ.

ಆಗ ಕೊಳ್ಳೇಗಾಲಕ್ಕೇ ಒಂದು ದೊಡ್ಡ ಬದಲಾವಣೆಯಾಗಿತ್ತು. 1956ರ ನವೆಂಬರ್ 1ರವರೆಗೆ ನಮ್ಮ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನದು. ಹನೂರು ನಮ್ಮ ಜೊತೆಗೇ, ಕೊಳ್ಳೇಗಾಲ ತಾಲ್ಲೂಕಿನ ಒಳಗೇ ಇತ್ತು, ಅದು ಬೇರೆ ತಾಲ್ಲೂಕಾದದ್ದು ಇತ್ತೀಚೆಗೆ. ರಾಜ್ಯ ಬದಲಾಗಿ ಆರು ತಿಂಗಳೂ ಆಗಿರಲಿಲ್ಲ, 1957ರ ಏಪ್ರಿಲ್ 1ಕ್ಕೆ ದುಡ್ಡೇ ಬದಲಾಯಿತು. ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಬಂತು. ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಬಾಯಿಪಾಠ ಮಾಡಿಕೊಂಡು ಸಂತೆಯಲ್ಲಿ ಹುಲಿಯಂತೆ ವ್ಯಾಪಾರ ಮಾಡುತ್ತಿದ್ದ ನಮ್ಮ ತಾತ ಒಂದೇ ದಿನಕ್ಕೆ ಇಲಿಯಾಗಿಬಿಟ್ಟರು. ಅವರಿಗೆ ಪಾಠ ಹೇಳಿದವನು ಮಿಡಲ್ ಸ್ಕೂಲಿನ ನನ್ನ ಅಣ್ಣ. "ಒಂದಾಣೆಗೆ 6 ನಯಾ ಪೈಸೆ, ನಾಲ್ಕಾಣೆಗೆ 25" ಅಂತ ಅಣ್ಣ ಹೇಳಿದ. ತಾತ ಬೆರಳು ಮಡಿಸಿ ಲೆಕ್ಕ ಹಾಕಿ, "ನಾಲ್ಕು ಒಂದಾಣೆ ಕೊಟ್ಟರೆ 24, ಒಂದು ನಾಲ್ಕಾಣೆ ಕೊಟ್ಟರೆ 25. ಆ ಒಂದು ಪೈಸೆ ಯಾರು ತಿಂದ್ರು ಮಗ?" ಎಂದು ಕೇಳಿದರು. ಅಣ್ಣನಿಗೆ ಉತ್ತರ ಗೊತ್ತಿರಲಿಲ್ಲ. ಅವನ ಮೇಷ್ಟ್ರಿಗೆ ಗೊತ್ತಿತ್ತು. ಒಂದಾಣೆ ಅಂದರೆ ಸರಿಯಾಗಿ 6.25 ಪೈಸೆ, ಕಾಲು ಪೈಸೆ ಇಲ್ಲದ್ದರಿಂದ ಅದನ್ನು ಬಿಟ್ಟರು ಅಷ್ಟೇ. ಓದು ಬಾರದ ತಾತನ ಪ್ರಶ್ನೆಗೆ ಮೇಷ್ಟ್ರು ಒಂದು ಇಡೀ ತರಗತಿಯನ್ನು ಕೊಟ್ಟರಂತೆ.

ಈಗಿನವರು 'ಬಾಯಿಪಾಠ' ಎಂದರೆ ಮುಖ ಸಿಂಡರಿಸುತ್ತಾರೆ. ಅದೂ ಪೂರ್ತಿ ಸರಿಯಲ್ಲ. ನೀವು ಮಹದೇಶ್ವರ ಬೆಟ್ಟದಲ್ಲಿ ದೇವರಗುಡ್ಡರನ್ನು ನೋಡಿದ್ದೀರಾ? ಕೈಯಲ್ಲಿ ಕಂಸಾಳೆ ಹಿಡಿದು ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಚಿಕ್ಕಲ್ಲೂರಿನ ಕಡೆ ನೀಲಗಾರರು ತಂಬೂರಿ ಮೀಟಿ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುತ್ತಾರೆ. ಪುಸ್ತಕ ಇಲ್ಲ, ಚೀಟಿ ಇಲ್ಲ. ಗುರುವಿನ ಹಿಂದೆ ಕೂತು ಸೊಲ್ಲು ಸೇರಿಸುತ್ತಾ ವರ್ಷಗಟ್ಟಲೆ ಕಲಿತದ್ದು. ಆಮೇಲೆ ವಿದ್ವಾಂಸರು ಟೇಪ್ ರೆಕಾರ್ಡರ್ ಹಿಡಿದು ಬಂದು ಅವರ ಮುಂದೆ ಕೂತು ಅದನ್ನು ಬರೆದುಕೊಂಡು ಪುಸ್ತಕ ಮಾಡಿದರು.

ಯಳಂದೂರಿನ ಸಂಚಿ ಹೊನ್ನಮ್ಮನ ಹೆಸರನ್ನು ನೀವು ಕನ್ನಡ ಪಾಠದಲ್ಲಿ ಕೇಳಿರಬಹುದು. 17ನೇ ಶತಮಾನದವಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿಯುವ ಊಳಿಗ. ಅಂಥವಳು ಅರಮನೆಯಲ್ಲಿ ಕೇಳಿ, ಕಲಿತು 'ಹದಿಬದೆಯ ಧರ್ಮ' ಎಂಬ ಕಾವ್ಯ ಬರೆದಳು. ಹೆಣ್ಣನ್ನು ಕೀಳಾಗಿ ಕಾಣುವವರಿಗೆ 'ನಿಮ್ಮನ್ನು ಹೆತ್ತವಳು ಯಾರು' ಎಂಬ ಅರ್ಥದ ಪ್ರಶ್ನೆಯನ್ನೂ ಹಾಕಿದಳು. ಊಳಿಗದವಳು ಪ್ರಶ್ನೆ ಕೇಳುವುದು ಆ ಕಾಲಕ್ಕೆ ಸಾಮಾನ್ಯವೇ? ನಮ್ಮ ಶಾಲೆಯಲ್ಲಂತೂ ಅವಳ ಪದ್ಯವನ್ನು ಬಾಯಿಪಾಠ ಮಾಡಿಸಿದರೇ ಹೊರತು ನಾವೊಂದು ಪ್ರಶ್ನೆ ಕೇಳಿದ್ದರೆ ಬೆನ್ನಿಗೆ ಬೀಳುತ್ತಿತ್ತು.

ಆ ಬೆತ್ತ ಈಗ ಇಲ್ಲ. ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು, ಮಕ್ಕಳನ್ನು ಹೊಡೆಯುವುದು, ಹೀಯಾಳಿಸುವುದು ಎರಡನ್ನೂ ನಿಷೇಧಿಸಿತು. ಅದಕ್ಕೂ ಮೊದಲೇ ನಮ್ಮ ಪಕ್ಕದಲ್ಲೇ ಒಂದು ಬದಲಾವಣೆ ಸದ್ದಿಲ್ಲದೆ ಶುರುವಾಗಿತ್ತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಹುಟ್ಟಿದ 'ನಲಿ-ಕಲಿ'. ಆಗ ನಾವೂ ಮೈಸೂರು ಜಿಲ್ಲೆಯೇ, ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಕ್ರಮವನ್ನು ನೋಡಿ ಬಂದ ಸರಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, 'ಕಲಿಕಾ ಏಣಿ' ಮಾಡಿದರು. ಒಂದು ಮಗು ಏಣಿಯ ಮೂರನೇ ಮೆಟ್ಟಿಲಲ್ಲಿದ್ದರೆ ಇನ್ನೊಂದು ಏಳರಲ್ಲಿ. ಹಬ್ಬಕ್ಕೋ ಕೂಲಿಗೋ ವಾರ ತಪ್ಪಿಸಿಕೊಂಡ ಮಗು ಬಂದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಮೇಷ್ಟ್ರು ಕುರ್ಚಿ ಬಿಟ್ಟು ಚಾಪೆಯ ಮೇಲೆ. 2009-10ರಿಂದ ಅದು ರಾಜ್ಯದ ಸರಕಾರಿ ಶಾಲೆಗಳ ಒಂದು, ಎರಡನೇ ತರಗತಿಗಳಿಗೆಲ್ಲ ಬಂತು.

ನಾನಾಗ ದೊಡ್ಡ ವಿರೋಧಿ. "ಬರೀ ಆಟ ಆಡಿಸ್ತಾರೆ, ಮಗ್ಗಿ ಬರಲ್ಲ" ಎಂದು ಬ್ಯಾಂಕಿನ ಕೌಂಟರಿನಲ್ಲೇ ಮೇಷ್ಟ್ರುಗಳ ಹತ್ತಿರ ಜಗಳವಾಡುತ್ತಿದ್ದೆ. ಮಗ್ಗಿಯ ವಿಚಾರದಲ್ಲಿ ನನ್ನ ಮಾತು ಈಗಲೂ ಅದೇ. ಆದರೆ ಒಂದು ಸಂಗತಿ ನೋಡಿದ್ದೇನೆ. ಬೆತ್ತದ ಕಾಲದಲ್ಲಿ ಓದಿದವರು ಬ್ಯಾಂಕಿಗೆ ಬಂದರೆ ಚಲನ್ ತುಂಬುವಾಗ ಕೈ ನಡುಗುತ್ತಿತ್ತು, ತಪ್ಪಾದರೆ ಎಲ್ಲಿ ಬಯ್ಯುತ್ತಾರೋ ಅಂತ. ಚಾಪೆಯ ಮೇಲೆ ಕಲಿತವರು ಬಂದು, "ಸಾರ್, ಇದು ಗೊತ್ತಾಗಲಿಲ್ಲ, ಇನ್ನೊಂದು ಸಲ ಹೇಳಿ" ಅನ್ನುತ್ತಾರೆ. ನಾನಂತೂ ಅಷ್ಟು ಧೈರ್ಯವಾಗಿ ಕೇಳಿದವನಲ್ಲ. ನಮ್ಮ ಶಾಖೆಗೆ ಕಂಪ್ಯೂಟರ್ ಬಂದಾಗ ನನಗೆ ನಲವತ್ತು ದಾಟಿತ್ತು. ಮೌಸ್ ಹಿಡಿಯುವುದು ಗೊತ್ತಾಗದೆ ಮೂರು ದಿನ ಲೆಡ್ಜರ್ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದೆ. ನಾಲ್ಕನೇ ದಿನ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ತಾನಾಗೇ ಬಂದು ಕೈ ಹಿಡಿದು ಕಲಿಸಿದಳು.

ಬಿಳಿಗಿರಿರಂಗನ ಬೆಟ್ಟದ ಮಾತು ಹೇಳದೆ ಯಳಂದೂರಿನ ಮಾತು ಮುಗಿಯುವುದಿಲ್ಲ. ಅಲ್ಲಿ ಸೋಲಿಗರಿಗೆ ಔಷಧಿ ಕೊಡಲು ಹೋದ ಡಾ. ಎಚ್. ಸುದರ್ಶನ್, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆಯ ಜೊತೆಗೆ ಶಾಲೆಯೂ ಬೆಳೆಯಿತು. ಸೋಲಿಗರ ಮಗು ಶಾಲೆಗೆ ಬರುವಾಗ ಖಾಲಿ ಬರುವುದಿಲ್ಲ. ಹೆಜ್ಜೇನು, ತುಡುವೆ, ಕೋಲುಜೇನು, ನಸರುಜೇನು ಯಾವುದು ಎಲ್ಲಿ ಕಟ್ಟುತ್ತದೆ ಎಂಬುದು ಅಕ್ಷರಕ್ಕಿಂತ ಮೊದಲೇ ಅದಕ್ಕೆ ಗೊತ್ತು. ಹೇಳಿಕೊಟ್ಟವರು ಅಜ್ಜ, ಅಜ್ಜಿ. ನೆಲ್ಲಿಕಾಯಿ ಮರಗಳ ಅಧ್ಯಯನಕ್ಕೆ ಅಲ್ಲಿಗೆ ಬಂದ ವಿಜ್ಞಾನಿಗಳಿಗೆ ಸೋಲಿಗ ಹಿರಿಯರು ಒಂದು ಮಾತು ಹೇಳಿದರು: ಮೊದಲು ನಾವು ಬೇಸಿಗೆಯ ಆರಂಭದಲ್ಲಿ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದೆವು, ಅದನ್ನು ನಿಲ್ಲಿಸಿದ ಮೇಲೆ ನೆಲ್ಲಿಮರಕ್ಕೆ ಬಂದಳಿಕೆ ಹೆಚ್ಚಾಯಿತು, ಕಾಡಿನಲ್ಲಿ ಲಂಟಾನ ತುಂಬಿತು. ಓದಿದವರು ಆ ಮಾತನ್ನು ತಳ್ಳಿಹಾಕದೆ ಬರೆದುಕೊಂಡು, ಅಳೆದು ನೋಡಿ, ಪ್ರಕಟಿಸಿದರು. ನಮ್ಮ ಕಾಲದಲ್ಲಾಗಿದ್ದರೆ ಕಾಡಿನ ಅಜ್ಜನ ಮಾತನ್ನು ಯಾವ ಸಾಹೇಬರು ಕೇಳುತ್ತಿದ್ದರು?

ಇನ್ನು ನನ್ನದೇ ಒಂದು ತಪ್ಪು ಹೇಳಬೇಕು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದವು. ಪಾಠ ಮೊಬೈಲಿಗೆ ಬಂತು, ಚಂದನ ವಾಹಿನಿಗೆ ಬಂತು. ಬೆಟ್ಟದ ಕಡೆಯ ಊರುಗಳಲ್ಲಿ ಮೊಬೈಲ್ ಇದ್ದರೂ ಸಿಗ್ನಲ್ ಇಲ್ಲ, ಮಕ್ಕಳು ಬಂಡೆ ಹತ್ತಿ ನಿಲ್ಲಬೇಕು. ಕೊಳ್ಳೇಗಾಲದಲ್ಲಿ ಸಿಗ್ನಲ್ ಇದೆ, ಎಲ್ಲರ ಮನೆಯಲ್ಲಿ ಮೊಬೈಲ್ ಇಲ್ಲ. ನಮ್ಮ ಬೀದಿಯ ನೇಕಾರರ ಮನೆಯ ಹುಡುಗಿ ಆಗ ಎಂಟನೇ ಕ್ಲಾಸು. ರೇಷ್ಮೆ ಸೀರೆ ಕೇಳುವವರಿಲ್ಲದೆ ಅವರ ಮಗ್ಗ ನಿಂತಿತ್ತು. "ತಾತ, ದಿನಾ ಒಂದು ಗಂಟೆ ನಿಮ್ಮ ಫೋನು ಕೊಡ್ತೀರಾ, ಪಾಠ ನೋಡ್ಕೋತೀನಿ" ಎಂದು ಬಂದಳು. ನಾಲ್ಕು ದಿನ ಕೊಟ್ಟೆ. ಐದನೇ ದಿನ, "ಬ್ಯಾಂಕಿನ ಓಟಿಪಿ ಬರುತ್ತಮ್ಮ, ಕೊಡಕ್ಕಾಗಲ್ಲ" ಅಂದೆ. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದವನಿಗೆ ಅನುಮಾನವೇ ರಕ್ತದಲ್ಲಿ ಸೇರಿಹೋಗಿರುತ್ತದೆ. ಪಕ್ಕದಲ್ಲಿ ಕೂತು ನೋಡಬಹುದಿತ್ತು, ಅದೂ ತೋಚಲಿಲ್ಲ. ಅವಳು "ಸರಿ ತಾತ" ಎಂದು ಹೋದಳು. ಮತ್ತೆ ಕೇಳಲಿಲ್ಲ.

ಆ ಆಗಸ್ಟ್‌ನಲ್ಲಿ ಸರಕಾರ 'ವಿದ್ಯಾಗಮ' ತಂದಿತು. ಮಕ್ಕಳು ಶಾಲೆಗೆ ಬರುವ ಬದಲು ಮೇಷ್ಟ್ರೇ ಮಕ್ಕಳ ಬೀದಿಗೆ ಬಂದರು. ಅರಳಿಕಟ್ಟೆ, ದೇವಸ್ಥಾನದ ಜಗಲಿ, ಮರದ ನೆರಳು ಎಲ್ಲ ಶಾಲೆಯಾಯಿತು. ನಮ್ಮ ಬೀದಿಯ ಕೊನೆಯಲ್ಲೂ ಹತ್ತು ಹನ್ನೆರಡು ಮಕ್ಕಳು ಕೂತರು. ಆ ಹುಡುಗಿಯೂ ಇದ್ದಳು. ನಾನು ಕಿಟಕಿಯಿಂದ ನೋಡಿದೆ. ಅಕ್ಟೋಬರ್‌ನಲ್ಲಿ ಕಾಯಿಲೆಯ ಭಯಕ್ಕೆ ಅದು ನಿಂತು, ಹೊಸ ವರ್ಷಕ್ಕೆ ಮತ್ತೆ ಶುರುವಾಯಿತು. ಆ ಹುಡುಗಿ ಛಲಗಾರ್ತಿ, ಓದಿಕೊಂಡಳು. ಈಗ ಎದುರಿಗೆ ಸಿಕ್ಕರೆ ನಗುತ್ತಾಳೆ. ಆ ನಗುವಿಗೆ ನನಗೆ ಸರಿಯಾಗಿ ನಗಲು ಆಗುವುದಿಲ್ಲ.

ಈಗ ಮೊಮ್ಮಗನ ಕೈಯಲ್ಲಿರುವ ಫೋನು ಎಜುಸ್ಯಾಟ್ ಟಿವಿಯಂಥದ್ದಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಕನ್ನಡದಲ್ಲೇ ಕೇಳಿದರೂ ಹೇಳುತ್ತದೆ, ಕೆಲವು ಸಲ ಸುಳ್ಳನ್ನೂ ಸತ್ಯದಷ್ಟೇ ಗಂಭೀರವಾಗಿ ಹೇಳುತ್ತದೆ. ಪಠ್ಯಪುಸ್ತಕದ ಚೌಕುಳಿ ಗುರುತಿಗೆ ಹಿಡಿದರೆ 'ದೀಕ್ಷಾ' ಆ್ಯಪ್‌ನಲ್ಲಿ ಪಾಠ ತೆರೆಯುತ್ತದೆ. ಒಳ್ಳೆಯದೇ. ಅವನು ನನಗೆ ಫೋನಿಗೆ ಮಾತಾಡಿ ಕನ್ನಡ ಬರೆಸುವುದನ್ನು ಕಲಿಸಿದ. ಈ ಲೇಖನದ ಮೊದಲ ಪುಟ ಹಾಗೆ ಬರೆದದ್ದೇ. 'ಬಾಣಲೆ' ಅಂದರೆ ಅದು 'ಬಾನಲ್ಲೇ' ಎಂದು ಬರೆದುಕೊಂಡಿತು. ಡಿಶ್ಶಿನ ಮಟ್ಟಿಗೆ ಅದೂ ತಪ್ಪಲ್ಲ ಅಂತ ಇಬ್ಬರೂ ನಕ್ಕೆವು.

ಮತ್ತೆ ಆ ಶಾಲೆಗೆ ಬರೋಣ. ಅವತ್ತು ಹೊರಡುವಾಗ ಮೇಷ್ಟ್ರು, "ಸಾರ್, ಬ್ಯಾಂಕಿನವರು ಅಂತೀರಿ. ಬಿಡುವಾದಾಗ ಬಸ್ ಹತ್ತಿ ಬನ್ನಿ, ಏಳನೇ ಕ್ಲಾಸಿಗೆ ಬಡ್ಡಿ ಲೆಕ್ಕ ನೀವೇ ಹೇಳಿ" ಎಂದರು. ನೇಕಾರರ ಹುಡುಗಿಯ ಮುಖ ನೆನಪಾಗಿ ಒಪ್ಪಿಕೊಂಡೆ. ಈಗ ತಿಂಗಳಿಗೆ ಎರಡು ಶನಿವಾರ ಹೋಗುತ್ತೇನೆ.

ಮೊದಲ ದಿನ ಅಸಲು, ದರ, ಕಾಲ ಎಂದು ಹಲಗೆಯ ಮೇಲೆ ಚೆಂದವಾಗಿ ಬರೆದೆ. 1,000 ರೂಪಾಯಿ, ಶೇಕಡ 8, ಒಂದು ವರ್ಷ. 80 ರೂಪಾಯಿ ಅಂತ ಎಲ್ಲರೂ ಕೂಗಿದರು. ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು.

"ಸಾರ್, ನಮ್ಮಪ್ಪ ಬೋರು ಕೊರೆಸಕ್ಕೆ ಸಾಲ ತಂದವ್ರೆ. ನೂರಕ್ಕೆ ಐದು. ಅದು ನಿಮ್ಮ ಎಂಟಕ್ಕಿಂತ ಕಮ್ಮಿ ಅಲ್ವಾ?"

"ವರ್ಷಕ್ಕಾ, ತಿಂಗಳಿಗಾ ಮಗಳೇ?"

"ತಿಂಗಳಿಗೆ ಸಾರ್."

ಮೇಷ್ಟ್ರು ನನ್ನ ಮುಖ ನೋಡಿದರು. ನಾನೇ ಹೇಳಿಬಿಡಬಹುದಿತ್ತು. ಮೂವತ್ತು ವರ್ಷ ಅದನ್ನೇ ಮಾಡಿದ್ದು, ಲೆಕ್ಕ ಹಾಕಿ ಕಿಟಕಿಯಿಂದ ಹೊರಗೆ ಕೊಡುವುದು. ಬಳಪವನ್ನು ಅವಳ ಕೈಗೆ ಕೊಟ್ಟೆ. ಹಲಗೆಯ ಹತ್ತಿರ ಬಂದಳು. ಐದು ಎಂದು ಬರೆದಳು. ಸ್ವಲ್ಪ ಹೊತ್ತು ನಿಂತು, ಪಕ್ಕದಲ್ಲಿ ಹನ್ನೆರಡು ಎಂದು ಬರೆದಳು. ತುಟಿಯಲ್ಲೇ ಮಗ್ಗಿ ಹೇಳಿಕೊಂಡಳು. ಕೆಳಗೆ 60 ಎಂದು ಬರೆದು ಹಿಂದೆ ಸರಿದು ಅದನ್ನೇ ನೋಡುತ್ತಾ ನಿಂತಳು. ತರಗತಿಯಲ್ಲಿ ಯಾರೂ ಮಾತಾಡಲಿಲ್ಲ.

"ಸಾರ್," ಎಂದಳು ಆಮೇಲೆ, "ಇದನ್ನ ನೋಟ್‌ಬುಕ್ಕಲ್ಲಿ ಬರ್ಕೊಂಡು ಮನೆಗೆ ತಕೊಂಡೋಗ್ಲಾ?"